ಮುಂಬಯಿಯ ಗ್ರಿಲ್ಲಿನ ತೋಟ: ತಿಂಗಳು ನೋಡಿ ನೆಡುವ, ಕಾಸು ಉಳಿಸುವ ಕ್ರಮ

ಮುಂಬಯಿಯಲ್ಲಿ ಕಿಟಕಿಯ ಗ್ರಿಲ್ಲಿನೊಳಗೆ ಗಿಡ ಬೆಳೆಸುವವರು ಕಳೆದುಕೊಳ್ಳುವ ಹಣದ ಬಹುಪಾಲು ತಪ್ಪು ತಿಂಗಳಿನಲ್ಲಿ ಕೊಂಡ ಗಿಡಗಳಿಗೆ ಹೋಗುತ್ತದೆ. ಮೊದಲ ಮಳೆಯ ಉತ್ಸಾಹಕ್ಕೆ ಮರುಳಾಗಿ ನಾನೂ ಒಮ್ಮೆ ಮೈತುಂಬ ಹೂಬಿಟ್ಟಿದ್ದ ಮೂರು ಗುಲಾಬಿ ಗಿಡಗಳನ್ನು ಮುಲುಂಡಿನ ನಮ್ಮ ಮನೆಗೆ ತಂದಿದ್ದೆ. ಜುಲೈ ಮುಗಿಯುವಷ್ಟರಲ್ಲಿ ಮೂರರ ಬೇರೂ ಕೊಳೆತು ಕುಂಡದಲ್ಲಿ ಕಪ್ಪು ಕಡ್ಡಿಗಳಷ್ಟೇ ಉಳಿದವು. ಅಂದಿನಿಂದ ಕಿಟಕಿ ಯಾವ ದಿಕ್ಕಿಗಿದೆ, ಈಗ ನಡೆಯುತ್ತಿರುವುದು ಯಾವ ತಿಂಗಳು ಎಂಬೆರಡನ್ನು ನೋಡದೆ ಒಂದು ಸಸಿಯನ್ನೂ ಕೊಳ್ಳುವುದಿಲ್ಲ.

ದಿಕ್ಕಿನ ಲೆಕ್ಕ ಈ ಊರಿನಲ್ಲಿ ತುಸು ವಿಚಿತ್ರವಾಗಿದೆ. ಮುಂಬಯಿ 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮಧ್ಯದಿಂದ ಜುಲೈ ಕೊನೆಯ ವಾರದ ತನಕ ನಡುಹಗಲಿನ ಸೂರ್ಯ ನೆತ್ತಿಯಿಂದ ಕೊಂಚ ಉತ್ತರಕ್ಕೆ ಸರಿದಿರುತ್ತಾನೆ. ಆ ಎರಡೂವರೆ ತಿಂಗಳು ದಕ್ಷಿಣದ ಕಿಟಕಿಗೆ ಮೋಡವಿಲ್ಲದ ದಿನವೂ ನೇರ ಬಿಸಿಲು ಬೀಳುವುದಿಲ್ಲ. ಉತ್ತರದ ಕಿಟಕಿಗೇ ಬೆಳಿಗ್ಗೆ ಮತ್ತು ಸಂಜೆ ಓರೆ ಬಿಸಿಲು ತಾಗುತ್ತದೆ. ಡಿಸೆಂಬರಿನಲ್ಲಿ ಇದು ಪೂರ್ತಿ ತಿರುವುಮುರುವಾಗುತ್ತದೆ. ಆಗ ಸೂರ್ಯ ಮಧ್ಯಾಹ್ನವೂ ದಕ್ಷಿಣದ ಆಕಾಶದಲ್ಲಿ 47 ಡಿಗ್ರಿಯಷ್ಟೇ ಮೇಲೇರುವುದರಿಂದ, ಬಿಸಿಲು ಗ್ರಿಲ್ಲನ್ನು ದಾಟಿ ಒಳಕೋಣೆಯ ಹಾಸುಗಲ್ಲಿನ ಮೇಲೂ ಚೌಕ ಹಾಕುತ್ತದೆ. ಆದ್ದರಿಂದ ದಕ್ಷಿಣದ ಕಿಟಕಿಯವರು ಹೂವನ್ನು ನವೆಂಬರಿನಿಂದ ಫೆಬ್ರವರಿಯ ತನಕ ನಿರೀಕ್ಷಿಸಬೇಕು, ಮಳೆಗಾಲದಲ್ಲಿ ಎಲೆಯ ಬಣ್ಣಕ್ಕಾಗಿ ಬೆಳೆಸುವ ಗಿಡಗಳಿಗೆ ತೃಪ್ತರಾಗಬೇಕು. ಪೂರ್ವದ ಕಿಟಕಿ ಸಿಕ್ಕವರಿಗೆ ಈ ತಾಪತ್ರಯ ಕಡಿಮೆ. ಎದುರಿನ ಕಟ್ಟಡ ಎಷ್ಟು ಬಿಸಿಲನ್ನು ನುಂಗುತ್ತದೆ ಎಂಬುದನ್ನು ಮಾತ್ರ ಯಾವ ಪಂಚಾಂಗವೂ ಹೇಳುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ 8, ಮಧ್ಯಾಹ್ನ 12 ಮತ್ತು ಸಂಜೆ 4 ಗಂಟೆಗೆ ಬಿಸಿಲು ಬಿದ್ದ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ ನೋಡಬೇಕು.

ಮಣ್ಣಿನ ಸಿದ್ಧತೆ ಹೋಳಿಯ ಸುಮಾರಿಗೇ ಆರಂಭವಾದರೆ ಖರ್ಚು ಬಹಳ ಉಳಿಯುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ರಸ್ತೆಬದಿಯ ಮಳೆಮರಗಳು ಎಲೆ ಉದುರಿಸುತ್ತವೆ. ಆ ಎಲೆ ಚಿಕ್ಕದು, ಬೇಗ ಕೊಳೆಯುತ್ತದೆ. ಸೊಸೈಟಿಯ ಅಂಗಳ ಗುಡಿಸುವವರನ್ನು ಕೇಳಿಕೊಂಡರೆ ಎರಡು ಚೀಲ ಎಲೆ ಸುಲಭವಾಗಿ ಸಿಗುತ್ತದೆ. ಅಕ್ಕಿಯ ಹಳೆಯ ಪ್ಲಾಸ್ಟಿಕ್ ಗೋಣಿಗೆ ಅಲ್ಲಲ್ಲಿ ತೂತು ಕೊರೆದು, ಎಲೆಯನ್ನು ತುಳಿದು ತುಂಬಿ, ಒಂದು ಲೋಟ ಹುಳಿ ಮಜ್ಜಿಗೆಯನ್ನು ಅರ್ಧ ಬಕೆಟ್ ನೀರಿನಲ್ಲಿ ಕದಡಿ ಸುರಿದು ಬಾಯಿ ಕಟ್ಟಬೇಕು. ಹದಿನೈದು ದಿನಕ್ಕೊಮ್ಮೆ ಚೀಲವನ್ನು ಉರುಳಿಸಿ, ಒಣಗಿದ್ದರೆ ನೀರು ಚಿಮುಕಿಸಿದರೆ ಮೂರು ನಾಲ್ಕು ತಿಂಗಳಿನಲ್ಲಿ ಎಲೆ ಪುಡಿಯಾಗುತ್ತದೆ; ಮೂಗಿಗೆ ಕಾಡಿನ ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಗಿದೆ ಎಂದರ್ಥ. ಇದರ ಒಂದು ಪಾಲಿಗೆ ನರ್ಸರಿಯ ಕೆಂಪುಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಒಂದು ಪಾಲು ಬೆರೆಸಿದರೆ ವರ್ಷದ ಹೆಚ್ಚಿನ ಗಿಡಗಳಿಗೆ ಸಾಕು. ಕೋಕೋಪೀಟನ್ನು ಇಟ್ಟಿಗೆಯ ರೂಪದಲ್ಲಿ ಕೊಳ್ಳುವುದು ಅಗ್ಗ. 650 ಗ್ರಾಮಿನ ಒಂದು ಇಟ್ಟಿಗೆ ನೀರು ಕುಡಿದು 8-9 ಲೀಟರಿನಷ್ಟು ಉಬ್ಬುತ್ತದೆ. ಮಳೆ ನೇರವಾಗಿ ಬೀಳುವ ಕುಂಡಗಳಲ್ಲಿ ಮಾತ್ರ ಕೋಕೋಪೀಟನ್ನು ಅರ್ಧಕ್ಕಿಳಿಸಿ ಆ ಜಾಗಕ್ಕೆ ಮರಳು ಹಾಕಬೇಕು. ನನ್ನ ಗುಲಾಬಿಗಳನ್ನು ಕೊಂದದ್ದು ನೀರನ್ನು ಹಿಡಿದಿಟ್ಟುಕೊಳ್ಳುವ ಅಂಥ ಮಣ್ಣೇ.

ಕುಂಡಗಳಿಗೆ ಹೆಚ್ಚು ಖರ್ಚು ಮಾಡಬಾರದು. ಬಣ್ಣದ ಡಬ್ಬಿ, ಎಣ್ಣೆಯ ತಗಡಿನ ಡಬ್ಬ, ಸಸಿ ಮಾಡಲು ಹಾಲಿನ ತೊಟ್ಟೆ, ಇವೆಲ್ಲ ಮನೆಯಲ್ಲೇ ಇರುತ್ತವೆ. ಮಣ್ಣಿನ ಕುಂಡವೇ ಬೇಕೆನ್ನುವವರು ಧಾರಾವಿಯ ಕುಂಭಾರವಾಡಕ್ಕೆ ಹೋಗಿ ಬಣ್ಣ ಬಳಿಯದ ಕುಂಡಗಳನ್ನು ಕುಂಬಾರರ ಕೈಯಿಂದಲೇ ತರಬಹುದು. ಆದರೆ ಒಂದಡಿ ಅಗಲದ ಮಣ್ಣಿನ ಕುಂಡ ಮಳೆಗೆ ನೆನೆದಾಗ 20 ಕಿಲೋ ದಾಟುತ್ತದೆ ಎಂಬುದನ್ನು ಮರೆಯಬಾರದು. ತುಕ್ಕು ಹಿಡಿದ ಗ್ರಿಲ್ಲಿನ ಮೇಲೆ ಅಂಥವನ್ನು ಸಾಲಾಗಿ ಇಡುವುದು ಕೆಳಗೆ ನಡೆಯುವವರ ತಲೆಗೆ ಅಪಾಯ. ಗ್ರಿಲ್ಲಿಗೆ ಹಗುರವಾದ ಡಬ್ಬಿ, ಭಾರದ ಕುಂಡ ನೆಲಕ್ಕೆ. ತಟ್ಟೆಯಿಲ್ಲದೆ ನೀರು ಹಾಕಿದರೆ ಕೆಳಗಿನ ಮನೆಯ ಆಜಿ ಒಣಹಾಕಿದ ಸೀರೆಯ ಮೇಲೆ ಕೆಂಪು ಹನಿ ಬೀಳುತ್ತದೆ, ಕೂಡಲೇ ‘ಅಹೋ, ಪಾಣೀ ಪಡ್ತಂಯ್!’ ಎಂಬ ಕೂಗು ಮೇಲೆ ಬರುತ್ತದೆ. ಬಟ್ಟೆ ಹರವುವ ಮೊದಲೇ, ಬೆಳಿಗ್ಗೆ ಆರೂವರೆಯೊಳಗೆ ನೀರುಣಿಸಿ ಮುಗಿಸುವುದು ನೆರೆಹೊರೆಯ ಸೌಖ್ಯಕ್ಕೆ ಒಳ್ಳೆಯದು.

ಮುಂಗಾರು ಮುಂಬಯಿಗೆ ಸಾಮಾನ್ಯವಾಗಿ ಜೂನ್ 11ರ ಆಸುಪಾಸಿನಲ್ಲಿ ಮುಟ್ಟುತ್ತದೆ. ಇದು ಗಿಡ ಕೊಳ್ಳುವ ಕಾಲವಲ್ಲ, ಕೇಳಿ ಪಡೆಯುವ ಕಾಲ. ದಾಸವಾಳ, ದೊಡ್ಡಪತ್ರೆ, ಬಣ್ಣಬಣ್ಣದ ಎಲೆಯ ಕೋಲಿಯಸ್, ಮನಿಪ್ಲಾಂಟ್ ಯಾವುದರ ಕಡ್ಡಿಯನ್ನು ಊರಿದರೂ ಗಾಳಿಯ ತೇವಕ್ಕೆ ಬೇರು ಬಿಡುತ್ತದೆ. ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಬೇಕು. ಮಾಟುಂಗಾದ ಮಾರುಕಟ್ಟೆಯಿಂದ ತಂದ ಬಸಳೆಯ ಕಟ್ಟಿನಲ್ಲಿ ಸಾಂಬಾರಿಗೆ ಎಲೆ ಬಿಡಿಸಿಕೊಂಡ ಮೇಲೆ ಉಳಿಯುವ ದಪ್ಪ ದಂಟುಗಳನ್ನು ಎಸೆಯದೆ ನೆಟ್ಟರೆ, ನಾಗರ ಪಂಚಮಿಯ ಹೊತ್ತಿಗೆ ಬಳ್ಳಿ ಗ್ರಿಲ್ಲಿಗೆ ಹಬ್ಬಿ ಪರದೆಯ ಕೆಲಸವನ್ನೂ ಮಾಡುತ್ತದೆ. ಈ ದಿನಗಳಲ್ಲಿ ತಟ್ಟೆಗಳಲ್ಲಿ ನೀರು ನಿಲ್ಲಲು ಬಿಡಬಾರದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು, ಮತ್ತು ಅದರ ಮೊಟ್ಟೆ ಒಣಗಿದ ತಟ್ಟೆಯ ಅಂಚಿನಲ್ಲೂ ಜೀವ ಹಿಡಿದಿರುತ್ತದೆ. ಆದಕಾರಣ ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ತೆಂಗಿನ ನಾರಿನಿಂದ ತಟ್ಟೆಯನ್ನು ಉಜ್ಜಬೇಕು. ಬಾಟಲಿಯಲ್ಲಿಟ್ಟ ಮನಿಪ್ಲಾಂಟಿನ ನೀರಿಗೂ ಇದೇ ನಿಯಮ.

ಅಲಂಕಾರದ ದೊಡ್ಡ ಸಂದರ್ಭ ಚೌತಿ. ಮಹಾರಾಷ್ಟ್ರದಲ್ಲಿ 2018ರಿಂದ ಥರ್ಮಾಕೋಲಿನ ಅಲಂಕಾರಕ್ಕೆ ನಿಷೇಧವಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಆ ಬಿಳಿ ಮಂಟಪಗಳು ಎಂದೂ ಚೆನ್ನಾಗಿರಲಿಲ್ಲ. ಹಬ್ಬಕ್ಕೆ ಒಂಬತ್ತು ದಿನ ಮುಂಚೆ ಎರಡು ಹಿಡಿ ಗೋಧಿಯನ್ನು ರಾತ್ರಿ ನೆನೆಸಿ, ಮರುದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬಿಳಿ ಮೊಳಕೆ ತುದಿ ಕಂಡೊಡನೆ ಅಗಲವಾದ ಹರಿವಾಣದಲ್ಲಿ ಒಂದಂಗುಲ ಕೋಕೋಪೀಟ್ ಹರಡಿ, ಕಾಳು ಒಂದರ ಮೇಲೊಂದು ಬೀಳದಂತೆ ಆದರೆ ನಡುವೆ ಜಾಗವೂ ಉಳಿಯದಂತೆ ಹಾಸಬೇಕು. ಮೇಲೆ ಮಣ್ಣು ಮುಚ್ಚುವ ಅಗತ್ಯವಿಲ್ಲ. ದಿನಕ್ಕೆರಡು ಬಾರಿ ನೀರು ಚಿಮುಕಿಸಿದರೆ ಸಾಕು. ಹೆಚ್ಚಾದರೆ ಮಳೆಗಾಲದ ಗಾಳಿಗೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ತಟ್ಟೆಯನ್ನು ಗಾಳಿಯಾಡುವ, ಬೆಳಕಿರುವ ಕಿಟಕಿಯ ಬಳಿ ಇಡಬೇಕು. ಕತ್ತಲೆಯಲ್ಲಿಟ್ಟರೆ ಪೈರು ಹಳದಿಯಾಗುತ್ತದೆ. ಚೌತಿಯ ಬೆಳಿಗ್ಗೆ ಗೇಣುದ್ದ ಬೆಳೆದ ಆ ಹಸಿರಿನ ನಡುವೆ ಗಣಪನನ್ನು ಕೂರಿಸಿ, ಹಿಂದೆ ಕೋಲಿಯಸ್ ಕುಂಡಗಳನ್ನು ಎತ್ತರ ತಗ್ಗಾಗಿ ಜೋಡಿಸಿ, ಪ್ಲಾಸ್ಟಿಕ್ ಡಬ್ಬಿಗಳನ್ನು ಅಟ್ಟದಲ್ಲಿರುವ ಹಿತ್ತಾಳೆಯ ಪಾತ್ರೆಗಳೊಳಗೆ ಮರೆಮಾಡಿದರೆ ಮಂಟಪ ಸಿದ್ಧ. ಜೂನಿನಲ್ಲೇ ಒಂದು ಡಬ್ಬಿಯಲ್ಲಿ ಗರಿಕೆ ನೆಟ್ಟಿದ್ದರೆ 21 ಗರಿಕೆಯ ಕಟ್ಟಿಗೆ ದಾದರಿನ ಹೂಗಲ್ಲಿಯ ನೂಕುನುಗ್ಗಲಿನಲ್ಲಿ ನಿಲ್ಲಬೇಕಾಗಿಲ್ಲ.

ಅಕ್ಟೋಬರಿನ ಸೆಕೆಯಲ್ಲಿ ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳು ಅಂಟುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಸಂಜೆ ಸಿಂಪಡಿಸಬೇಕು. ದಸರಾದ ಬಾಗಿಲ ತೋರಣ ಒಣಗಿದ ಮೇಲೆ ಚೆಂಡುಹೂವಿನ ಬುಡದ ಕಪ್ಪು ಬೀಜಗಳನ್ನು ಬಿಡಿಸಿ ಬಿತ್ತಿದರೆ ಸಂಕ್ರಾಂತಿಯೊಳಗೆ ಹೂ ನೋಡಬಹುದು, ತಾಯಿಹೂವಿನಷ್ಟೇ ದೊಡ್ಡದಾಗುತ್ತದೆಂಬ ಭರವಸೆಯಿಲ್ಲ. ಗಿಡಕ್ಕೆಂದು ಹಣ ಖರ್ಚು ಮಾಡುವುದಾದರೆ ಅದಕ್ಕೆ ಯೋಗ್ಯವಾದ ಕಾಲವೂ ಇದೇ. ಭಾಯಖಳದ ರಾಣಿಬಾಗಿನಲ್ಲಿ ಪಾಲಿಕೆಯ ವಾರ್ಷಿಕ ಪುಷ್ಪ ಪ್ರದರ್ಶನ ಚಳಿಗಾಲದಲ್ಲೇ ನಡೆಯುವುದು ಸುಮ್ಮನೆ ಅಲ್ಲ. ಅಡುಗೆಮನೆಯ ಮೆಂತ್ಯವನ್ನು ಮರಳು ಬೆರೆಸಿದ ಮಣ್ಣಿನ ತಟ್ಟೆಯಲ್ಲಿ ಒತ್ತಾಗಿ ಚೆಲ್ಲಿ, ಎರಡು ವಾರಕ್ಕೆ ಬೇರುಸಮೇತ ಕಿತ್ತರೆ ಇಲ್ಲಿನವರು ಸಮುದ್ರ ಮೇಥಿ ಎನ್ನುವ ಎಳೆ ಸೊಪ್ಪು ಮನೆಯಲ್ಲೇ ಸಿಗುತ್ತದೆ.

ಇನ್ನು ಮೇ ತಿಂಗಳು. ಮಕ್ಕಳ ರಜೆಗೆ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವ ನಮ್ಮಂಥವರ ತೋಟಗಳು ಒಣಗುವುದು ಆಗಲೇ. ಹೊರಡುವ ಮೂರು ದಿನ ಮುಂಚೆ ಎಲ್ಲ ಕುಂಡಗಳನ್ನು ಬಿಸಿಲು ತಾಗದ, ಬೆಳಕಿರುವ ಮೂಲೆಗೆ ತಂದು ಒತ್ತೊತ್ತಾಗಿ ಇಡಿ. ನಡುವೆ ಸ್ಟೂಲಿನ ಮೇಲೆ ತುಂಬಿದ ಬಕೆಟ್ ಇರಲಿ. ಹಳೆಯ ಹತ್ತಿ ಪಂಚೆಯನ್ನು ಎರಡು ಬೆರಳಗಲಕ್ಕೆ ಹರಿದು, ಹೊಸೆದು, ಪೂರ್ತಿ ನೆನೆಸಿ, ಒಂದು ತುದಿಗೆ ಕಲ್ಲು ಕಟ್ಟಿ ಬಕೆಟಿನ ತಳಕ್ಕೆ ಇಳಿಬಿಡಬೇಕು. ಇನ್ನೊಂದು ತುದಿ ಕುಂಡದ ಮಣ್ಣಿನೊಳಗೆ ಎರಡಂಗುಲ ಹೋಗಬೇಕು. ಬಕೆಟಿನ ಬಾಯಿಯನ್ನು ಸೊಳ್ಳೆ ನುಸುಳದಂತೆ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ. ಮರುದಿನ ಮಣ್ಣು ಕೆಸರಾಗಿದ್ದರೆ ಸ್ಟೂಲನ್ನು ತೆಗೆದು ಬಕೆಟನ್ನು ಕೆಳಗಿಳಿಸಿ, ಒಣಗಿದ್ದರೆ ಬತ್ತಿಯನ್ನು ದಪ್ಪ ಮಾಡಿ. ಎರಡು ವಾರಕ್ಕಿಂತ ಹೆಚ್ಚು ದಿನ ಹೋಗುವವರು ಬೀಗದ ಕೈಯನ್ನು ಪಕ್ಕದ ಮನೆಗೆ ಕೊಟ್ಟು, ಬಕೆಟ್ ತುಂಬಿಸುವಷ್ಟು ಮಾತ್ರ ಕೇಳಿಕೊಂಡರೆ ಸಾಕು. ಹಿಂದಿರುಗುವಾಗ ಊರಿನ ಹರಿವೆ, ಬೆಂಡೆ, ಅಲಸಂಡೆಯ ಬೀಜಗಳನ್ನು ಕಾಗದದಲ್ಲಿ ಕಟ್ಟಿ ತನ್ನಿ. ದಾಸವಾಳದ ಕಡ್ಡಿಗಳನ್ನು ಬಾಳೆಯ ದಿಂಡಿನ ಹಾಳೆಯಲ್ಲಿ ಸುತ್ತಿದರೆ ರೈಲಿನ ಸೆಕೆಯಲ್ಲೂ ಒಣಗುವುದಿಲ್ಲ, ಠಾಣೆಯಲ್ಲಿ ಇಳಿದು ಮನೆ ಸೇರಿದ ದಿನವೇ ಊರಬಹುದು.