ಬೇಗ ವೆಬ್ ಆ್ಯಪ್ ಕಟ್ಬೇಕು ಅಂದ್ರೆ ಬ್ಯಾಕೆಂಡ್‌ಗೆ (ಸರ್ವರ್ ಕಡೆ ಕೆಲ್ಸ ಮಾಡೋ ಭಾಗ) ಏನು ತಗೋಬೇಕು?

ಮೊದ್ಲು ನಿಮ್ಮ ಆ್ಯಪ್‌ಗೆ ಏನೇನು ಬೇಕು ಅಂತ ಒಂದು ಹಾಳೇಲಿ ಬರ್ಕೊಳ್ಳಿ. ಲಾಗಿನ್, ಪಾಸ್‌ವರ್ಡ್ ರೀಸೆಟ್, ನಾಕು ಫಾರ್ಮು, ಇಮೇಲ್ ಕಳ್ಸೋದು, ಒಂದು ಅಡ್ಮಿನ್ ಪೇಜು, ಹೆಚ್ಚಿನ ಆ್ಯಪ್‌ಗಳದ್ದು ಇಷ್ಟೇ ಇರುತ್ತೆ. ಇವೆಲ್ಲ ರೆಡಿ ಸಿಗೋ ಫ್ರೇಮ್‌ವರ್ಕ್ (ಆ್ಯಪ್ ಕಟ್ಟೋಕೆ ಮೊದ್ಲೇ ಬರ್ದಿಟ್ಟ ಕೋಡ್‌ನ ಚೌಕಟ್ಟು) ಹುಡುಕಿ, ಯಾವ ಲ್ಯಾಂಗ್ವೇಜ್ ಫಾಸ್ಟು ಅನ್ನೋದನ್ನ ಆಮೇಲೆ ನೋಡ್ಕೊಳ್ಳೋಣ.

ಪೈಥಾನ್ ಬರುತ್ತಾ? ಹಾಗಾದ್ರೆ ಕಣ್ಮುಚ್ಕೊಂಡು ಜ್ಯಾಂಗೋ ಅನ್ನೋ ಫ್ರೇಮ್‌ವರ್ಕ್ ತಗೊಳ್ಳಿ. ಅದು ಹುಟ್ಟಿದ್ದೇ ಅಮೆರಿಕದ ಕ್ಯಾನ್ಸಸ್‌ನ ಒಂದು ನ್ಯೂಸ್‌ಪೇಪರ್ ಆಫೀಸಲ್ಲಿ, ಪೇಪರ್‌ನೋರ ಡೆಡ್‌ಲೈನ್ ಒಳಗೆ ಸೈಟ್ ಎದ್ದು ನಿಲ್ಬೇಕಿತ್ತು, 2005ರಲ್ಲಿ ಎಲ್ರಿಗೂ ಓಪನ್ ಸೋರ್ಸ್ ಮಾಡಿ ಬಿಟ್ರು. ಮಾಡೆಲ್ (ಯಾವ ಡೇಟಾ ಇಡ್ಬೇಕು ಅನ್ನೋ ವಿವರ) ಬರ್ದು ಒಂದು ಲೈನಲ್ಲಿ ರಿಜಿಸ್ಟರ್ ಮಾಡಿದ್ರೆ ಅಡ್ಮಿನ್ ಪ್ಯಾನೆಲ್ ತಾನಾಗೇ ಬರುತ್ತೆ, ಬರೀ ಇದೊಂದೇ ಎಷ್ಟೋ ದಿನದ ಕೆಲ್ಸ ಉಳ್ಸುತ್ತೆ. ರೂಬಿ ಬಲ್ಲೋರಿಗೆ ರೈಲ್ಸ್, ಪಿಎಚ್‌ಪಿ ಬಲ್ಲೋರಿಗೆ ಲಾರವೆಲ್, ಎರಡೂ ಇದೇ ಥರ ಗಟ್ಟಿ.

ನೋಡ್ (Node.js, ಸರ್ವರಲ್ಲಿ ಜಾವಾಸ್ಕ್ರಿಪ್ಟ್ ಓಡ್ಸೋದು) ಜೊತೆ ಎಕ್ಸ್‌ಪ್ರೆಸ್ ಅನ್ನೋ ಫ್ರೇಮ್‌ವರ್ಕ್ ತಗೊಳ್ಳೋರು ಸ್ವಲ್ಪ ಯೋಚ್ನೆ ಮಾಡಿ. ಎಕ್ಸ್‌ಪ್ರೆಸ್ ಕೊಡೋದು ರೂಟಿಂಗು (ಯಾವ ವಿಳಾಸಕ್ಕೆ ಯಾವ ಕೋಡ್ ಓಡ್ಬೇಕು ಅನ್ನೋದು), ಮಿಡಲ್‌ವೇರು (ರಿಕ್ವೆಸ್ಟ್ ಬಂದಾಗ ಮಧ್ಯದಲ್ಲಿ ಓಡೋ ಕೋಡು) ಅಷ್ಟೇ, ಲಾಗಿನ್‌ಗೆ ಒಂದು ಪ್ಯಾಕೇಜು, ಡೇಟಾಬೇಸ್‌ಗೆ ಇನ್ನೊಂದು, ವ್ಯಾಲಿಡೇಶನ್‌ಗೆ (ತುಂಬಿದ ಮಾಹಿತಿ ಸರಿ ಇದ್ಯಾ ಅಂತ ಪರೀಕ್ಷೆ) ಮತ್ತೊಂದು ಅಂತ ನೀವೇ ಆರ್ಸಿ ಜೋಡಿಸ್ಬೇಕು, ನಾನು ಒಂದ್ಸಲ ಹೀಗೇ ಶುರು ಮಾಡಿ ಮೊದಲ ವಾರ ಪೂರ್ತಿ ಪ್ಯಾಕೇಜ್ ಹುಡುಕೋದ್ರಲ್ಲೇ ಹೋಯ್ತು. ಚಾಟ್, ಲೈವ್ ಅಪ್‌ಡೇಟ್ ಥರ ಒಟ್ಟಿಗೆ ತುಂಬಾ ಕನೆಕ್ಷನ್ ತೆರ್ದಿಡೋ ಆ್ಯಪ್ ಆದ್ರೆ ಮಾತ್ರ ನೋಡ್ ನಿಜವಾಗ್ಲೂ ಒಳ್ಳೇದು.

ಇನ್ನು ಸ್ಪೀಡ್ ವಿಷ್ಯ. ಪೇಜ್ ನಿಧಾನ ಆದ್ರೆ ಮೊದ್ಲು ಡೇಟಾಬೇಸ್ ಕಡೆ ನೋಡಿ, ಲ್ಯಾಂಗ್ವೇಜ್‌ನ ಬೈಬೇಡಿ. 50 ಆರ್ಡರ್ ತೋರ್ಸೋ ಪೇಜಲ್ಲಿ ಒಂದೊಂದು ಆರ್ಡರ್‌ಗೂ ಕಸ್ಟಮರ್ ಹೆಸ್ರು ತರೋಕೆ ಬೇರೆ ಕ್ವೆರಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಹೋದ್ರೆ ಲಿಸ್ಟ್‌ಗೆ ಒಂದು, ಹೆಸ್ರಿಗೆ 50, ಒಟ್ಟು 51 ಕ್ವೆರಿ ಆಯ್ತು, ಜಾಯಿನ್ (ಎರಡು ಟೇಬಲ್ ಸೇರ್ಸಿ ಕೇಳೋದು) ಮಾಡಿದ್ರೆ ಒಂದೇ ಸಾಕು. ಈ ತಪ್ಪು ಯಾವ ಫ್ರೇಮ್‌ವರ್ಕಲ್ಲಾದ್ರೂ ಆಗುತ್ತೆ.

ಎರಡರ ಮಧ್ಯೆ ಸಿಕ್ಕಾಕೊಂಡಿದ್ರೆ ಒಂದೊಂದಕ್ಕೂ ಎರಡು ದಿನ ಕೊಡಿ: ಲಾಗಿನ್, ಒಂದು ಫಾರ್ಮು, ಒಂದು ಲಿಸ್ಟ್ ಪೇಜು, ಆಮೇಲೆ ನಿಜವಾದ ಸರ್ವರ್ ಮೇಲೆ ಹಾಕಿ ನೋಡಿ. ಸರ್ವರ್‌ಗೆ ಹಾಕೋದನ್ನ ಬಿಡ್ಲೇಬೇಡಿ, ಸ್ವಂತ ಲ್ಯಾಪ್‌ಟಾಪಲ್ಲಿ ಎಲ್ಲಾನೂ ಓಡುತ್ತೆ. ಟೀಮಲ್ಲಿ ಇನ್ನೊಬ್ರು ಇದ್ರೆ ನಿಮ್ಮ ಕೋಡ್ ಕೊಟ್ಟು ಒಂದು ಫೀಲ್ಡ್ ಸೇರ್ಸೋಕೆ ಹೇಳಿ, ಅವ್ರು ನಿಮ್ಮನ್ನ ಕೇಳ್ದೆ ಮಾಡಿ ಮುಗ್ಸಿದ್ರೆ ಅದನ್ನೇ ತಗೊಳ್ಳಿ.