ಧರೆ ಪಕ್ಕ ಮನೆ ಇರುವವರು ಮಳೆ ಅಳೆದಿಡಿ

ಕೊಡಗು, ಮಲೆನಾಡು ಕಡೆ ಧರೆ (ಕಡಿದಾದ ಮಣ್ಣಿನ ಗೋಡೆ) ಪಕ್ಕವೋ ಹಳ್ಳದ ಪಕ್ಕವೋ ಮನೆ ಇರುವವರಿಗೆ ಗುಡ್ಡ ಕುಸಿತದ ಬಗ್ಗೆ ಒಂದು ಸಲಹೆ. ನಿಮ್ಮ ಅಂಗಳದ ಮಳೆಯನ್ನು ನೀವೇ ಅಳೆಯಿರಿ. ಕಾಫಿ ತೋಟದವರು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡ್ತಾರಲ್ವಾ, ಹಾಗೆ. ಮಾಪಕ ಇಲ್ಲದಿದ್ದರೆ ಬುಡದಿಂದ ಬಾಯಿವರೆಗೆ ಒಂದೇ ಅಗಲದ ಡಬ್ಬಿಯನ್ನು ಬಯಲಲ್ಲಿಟ್ಟು ಸ್ಕೇಲ್ ಇಳಿಸಿ ನೋಡಿ. ಬಕೆಟ್ ಬೇಡ, ಬಾಯಿ ಅಗಲ ಇರುವುದರಿಂದ ಲೆಕ್ಕ ತಪ್ಪುತ್ತದೆ.

ಒಂದು ದಿನದ ಲೆಕ್ಕ ಸಾಲದು, ಎರಡು ಮೂರು ದಿನದ್ದು ಕೂಡಿಸಿ. ನೆನೆದ ಮಣ್ಣಿನ ಮೇಲೆ ಮತ್ತೆ ಜೋರು ಮಳೆ ಬಿದ್ದರೇ ಅಪಾಯ ಜಾಸ್ತಿ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋಗುವ ಮೊದಲು 48 ಗಂಟೆಯಲ್ಲಿ 572 ಮಿ.ಮೀ. ಸುರಿದಿತ್ತು ಅಂತ ಕೇರಳದ ಮುಖ್ಯಮಂತ್ರಿಗಳು ಹೇಳಿದ್ದರು. ಗುಡ್ಡ ಜಾರಿದ್ದು ನಡುರಾತ್ರಿ. ಜನ ಮಲಗಿದ್ದರು. ಅದಕ್ಕೇ ಹೇಳೋದು, ಹೊರಡುವುದಿದ್ದರೆ ಬೆಳಕಿರುವಾಗಲೇ ಹೊರಡಿ.

ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ದಿಢೀರ್ ಇಳಿದರೆ ಖುಷಿಪಡಬೇಡಿ, ಮೇಲೆಲ್ಲೋ ಮಣ್ಣು, ಮರ ಅಡ್ಡ ಬಿದ್ದಿರಬಹುದು. ನೀರು ಒಮ್ಮೆಲೇ ಕೆಂಪಾದರೂ ಅನುಮಾನಪಡಿ. ಅಂಗಳದಲ್ಲಿ ಹೊಸ ಬಿರುಕು, ಹೊಸ ಒರತೆ, ವಾಲಿದ ಕಂಬ, ಇದ್ದಕ್ಕಿದ್ದ ಹಾಗೆ ಬಿಗಿಯಾದ ಬಾಗಿಲು ಕಂಡರೆ ಸುಮ್ನೆ ಕಾಯಬೇಡಿ. ಓಡುವಾಗ ಹಳ್ಳದ ಗುಂಟ ಕೆಳಗೆ ಬೇಡ, ಪಕ್ಕಕ್ಕೆ ಸರಿದು ಎತ್ತರಕ್ಕೆ ಹೋಗಿ. ಒಮ್ಮೆ ಕುಸಿದ ಮೇಲೆ ಸಾಮಾನು ತರಲು ವಾಪಸ್ ಹೋಗಬೇಡಿ, ವಯನಾಡಿನಲ್ಲಿ ಅದೇ ರಾತ್ರಿ ಮತ್ತೆ ಕುಸಿದಿತ್ತು. ದನಗಳ ಹಗ್ಗ ಬಿಚ್ಚಿಬಿಡಿ. ತುರ್ತಿಗೆ 112.