ಪುಟ್ಟ ಸಾಧನಕ್ಕೆ ಆಂಟೆನಾ: ಮೊದಲು ಜಾಗ, ಆಮೇಲೆ ಅಳತೆ

ಬ್ಯಾಟರಿ, ಸೆನ್ಸರ್, ಪರದೆ ಎಲ್ಲವನ್ನೂ ಬೋರ್ಡ್ ಮೇಲೆ ಕೂರಿಸಿದ ಮೇಲೆ ಉಳಿದ ಮೂಲೆಯನ್ನು ಆಂಟೆನಾಗೆ ಬಿಡುವುದು ವಾಡಿಕೆ. ಕೆಲಸ ಕೆಡುವುದೂ ಅಲ್ಲಿಯೇ. ಆಂಟೆನಾದ ಜಾಗವನ್ನೇ ಎಲ್ಲಕ್ಕಿಂತ ಮೊದಲು ಗೊತ್ತುಮಾಡಬೇಕು.

ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿದರೆ ತರಂಗಾಂತರ ಸಿಗುತ್ತದೆ; ಇಂಥ ಆಂಟೆನಾದ ಉದ್ದ ಸಾಮಾನ್ಯವಾಗಿ ಅದರ ಕಾಲು ಭಾಗ. ಬ್ಲೂಟೂತ್ ಬಳಸುವ 2.45 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ಅದು ಸುಮಾರು 122 ಮಿ.ಮೀ., ಕಾಲು ಭಾಗವೆಂದರೆ 31 ಮಿ.ಮೀ. ಅದೇ 868 ಮೆಗಾಹರ್ಟ್ಸ್‌ಗೆ ಕಾಲು ತರಂಗವೇ 86 ಮಿ.ಮೀ. ಆಗುತ್ತದೆ. ಕಾಲು ತರಂಗದ ಆಂಟೆನಾ ನಿಜಕ್ಕೂ ಅರ್ಧ ಆಂಟೆನಾ ಮಾತ್ರ. ಉಳಿದರ್ಧದ ಕೆಲಸವನ್ನು ಬೋರ್ಡಿನ ಗ್ರೌಂಡ್ ತಾಮ್ರವೇ (ವಿದ್ಯುತ್ ಮರಳುವ ಅಗಲವಾದ ತಾಮ್ರದ ಪದರ) ಮಾಡುವುದರಿಂದ, 40 ಮಿ.ಮೀ. ಬೋರ್ಡಿನಲ್ಲಿ 868ರ ಆಂಟೆನಾದಿಂದ ಹೆಚ್ಚು ದೂರವನ್ನು ನಿರೀಕ್ಷಿಸಬಾರದು.

ಆಂಟೆನಾವನ್ನು ಬೋರ್ಡಿನ ಅಂಚಿನಲ್ಲಿಟ್ಟು, ಅದರ ಕೆಳಗೆ ಯಾವ ಪದರದಲ್ಲೂ ತಾಮ್ರ ಇರದಂತೆ ನೋಡಿಕೊಳ್ಳಿ. ಬ್ಯಾಟರಿ ಮತ್ತು ಲೋಹದ ಸ್ಕ್ರೂಗಳು ದೂರವಿರಲಿ. ಜಾಗ ಕಡಿಮೆಯಿದ್ದರೆ, ಆಂಟೆನಾದ ಉದ್ದನೆಯ ತೋಳು ಬೋರ್ಡಿನ ಅಂಚಿಗೆ ಸಮಾನಾಂತರವಾಗಿ ಮಲಗಿ, ಅದರ ಒಂದು ತುದಿ ಗ್ರೌಂಡಿಗೆ ಕೂಡುವ ತಲೆಕೆಳಗಾದ ಎಫ್ ಆಕಾರ ಒಳ್ಳೆಯದು. ಸಂಕೇತ ಕೊಡುವ ಬಿಂದುವನ್ನು ಗ್ರೌಂಡಿಗೆ ಕೂಡಿದ ತುದಿಯ ಹತ್ತಿರಕ್ಕೆ ಸರಿಸಿದಂತೆ ಇಂಪೆಡೆನ್ಸ್, ಅಂದರೆ ಆಂಟೆನಾ ಸಂಕೇತಕ್ಕೆ ಒಡ್ಡುವ ತಡೆ, ಇಳಿಯುತ್ತದೆ. 50 ಓಮ್ ಗುರಿಯಾಗಿರಲಿ. ತೋಳನ್ನು ಬೇಕೆಂದೇ ಎರಡು ಮೂರು ಮಿ.ಮೀ. ಉದ್ದ ಬಿಡಿ, ಏಕೆಂದರೆ ಕತ್ತರಿಸುವುದು ಸುಲಭ, ಬೆಳೆಸುವುದು ಕಷ್ಟ. ಇಂಪೆಡೆನ್ಸನ್ನು 50 ಓಮ್‌ಗೆ ಹೊಂದಿಸುವ ಕೆಪ್ಯಾಸಿಟರ್ ಮತ್ತು ಇಂಡಕ್ಟರ್‌ಗಳಿಗೆ ಮೂರು ಜಾಗಗಳನ್ನು ಈಗಲೇ ಖಾಲಿ ಇಡಿ.

ಅಳತೆಗೆ ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಬೇಕು: ಆಂಟೆನಾಗೆ ಕಳಿಸಿದ ಸಂಕೇತದಲ್ಲಿ ಎಷ್ಟು ಮರಳಿ ಬರುತ್ತದೆಂದು ಒಂದೊಂದು ಆವರ್ತನಕ್ಕೂ ಗ್ರಾಫಿನಲ್ಲಿ ತೋರಿಸುವ ಉಪಕರಣವದು. ಗ್ರಾಫ್ ತಗ್ಗಿದಲ್ಲಿ ಮರಳುವುದು ಕಡಿಮೆ. ಬರಿಯ ಬೋರ್ಡಿನಲ್ಲಿ ಗ್ರಾಫಿನ ತಗ್ಗು ಸರಿಯಾಗಿ 2.45ರಲ್ಲೇ ಕಂಡಿತೆಂದು ಸಂತೋಷಪಡಬೇಡಿ: ಪ್ಲಾಸ್ಟಿಕ್ ಮುಚ್ಚಳ ಹಾಕಿದೊಡನೆ ಅದು ಕೆಳಗಿನ ಆವರ್ತನದತ್ತ ಜಾರುತ್ತದೆ. ಆದ್ದರಿಂದ ಬ್ಯಾಟರಿ ಹಾಕಿ, ಪೆಟ್ಟಿಗೆ ಮುಚ್ಚಿ ಅಳೆಯಿರಿ. ಮತ್ತೆ ತೆರೆದು ತೋಳಿನ ತುದಿಯನ್ನು ಅರ್ಧರ್ಧ ಮಿ.ಮೀ. ಕತ್ತರಿಸುತ್ತಾ ತಗ್ಗನ್ನು ಮೇಲಕ್ಕೆ ತನ್ನಿ. ಉಳಿದ ಕೊರತೆಯನ್ನು ಆ ಮೂರು ಜಾಗಗಳ ಬಿಡಿಭಾಗಗಳು ತುಂಬುತ್ತವೆ.

ತಗ್ಗು ಮೈನಸ್ 10 ಡೆಸಿಬೆಲ್ ಮುಟ್ಟಿದರೆ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಆಂಟೆನಾದೊಳಗೆ ಹೋಗುತ್ತಿದೆ ಎಂದರ್ಥ. ಆದರೆ ಒಳಗೆ ಹೋದದ್ದೆಲ್ಲ ಗಾಳಿಗೆ ಬರಬೇಕೆಂದಿಲ್ಲ. 50 ಓಮ್ ರೆಸಿಸ್ಟರ್ ಅನ್ನು ಕೂಡಿಸಿದರೂ ಗ್ರಾಫ್ ಸೊಗಸಾಗಿಯೇ ಕಾಣುತ್ತದೆ, ಹೊರಡುವುದು ಬಿಸಿ ಮಾತ್ರ! ಹಾಗಾಗಿ ಕೊನೆಯಲ್ಲಿ ಕೇಬಲ್ ಕಳಚಿ, ಸಾಧನವನ್ನು ಬಳಸುವ ರೀತಿಯಲ್ಲೇ ಕೈಯಲ್ಲೋ ಗೋಡೆಯ ಮೇಲೋ ಇಟ್ಟು, ಗೊತ್ತಾದ ದೂರದಲ್ಲಿ ಎಲ್ಲ ದಿಕ್ಕಿಗೂ ತಿರುಗಿಸುತ್ತಾ ಸಿಗ್ನಲ್ ಬಲವನ್ನು ಬರೆದುಕೊಳ್ಳಿ.